ಲೇಸಿಕ್‌ಗೆ ಮುಂಚೆ ಕಣ್ಣು ನೋಡುವುದು ಹೇಗೆ: ಹೊಸದಾಗಿ ಕ್ಲಿನಿಕ್ ಸೇರಿದವರಿಗೆ

ತುಮಕೂರಿನಲ್ಲಿ ಬೇಸಿಗೆ ಬಂತೆಂದರೆ ನಮ್ಮ ಕ್ಲಿನಿಕ್‌ಗೆ ಎರಡು ಥರದ ಜನ ಜಾಸ್ತಿ. ಕಣ್ಣು ಕಡಿತ ಅಂತ ಅಮ್ಮನ ಸೆರಗು ಹಿಡಿದು ಬರುವ ಮಕ್ಕಳು ಒಂದು ಕಡೆ. ಲೇಸಿಕ್, ಅಂದರೆ ಲೇಸರ್‌ನಿಂದ ನಂಬರ್ ಇಳಿಸುವ ಆಪರೇಷನ್, ಮಾಡಿಸಿ ಕನ್ನಡಕ ತೆಗೆಸಬೇಕು ಅಂತ ಬರುವ ಮದುವೆ ವಯಸ್ಸಿನವರು ಇನ್ನೊಂದು ಕಡೆ. ಇವರಿಗೂ ಅವರಿಗೂ ಏನು ಸಂಬಂಧ ಅನ್ನಿಸಬಹುದು. ಸಂಬಂಧ ಇದೆ. ಇವತ್ತು ಕಣ್ಣು ಉಜ್ಜುತ್ತಾ ಕೂತಿರುವ ಮಗುವೇ ಹತ್ತು ವರ್ಷ ಬಿಟ್ಟು ಆ ಇನ್ನೊಂದು ಸಾಲಿನಲ್ಲಿ ಬಂದು ಕೂರುತ್ತದೆ, ಆಗ ಅದರ ಕಾರ್ನಿಯಾ (ಕಣ್ಣಿನ ಮುಂದಿನ ಗಾಜಿನಂಥ ಪದರ) ಹೇಗಿದೆ ಅಂತ ಕಂಡುಹಿಡಿಯುವುದು ನಮ್ಮ ಪಾಲಿಗೆ ಬರುತ್ತದೆ.

ನಾನು ಆಪ್ಟೊಮೆಟ್ರಿಸ್ಟ್, ಅಂದರೆ ಕಣ್ಣು ಪರೀಕ್ಷಿಸಿ ನಂಬರ್ ತೆಗೆಯುವವನು. ಆಪರೇಷನ್ ಮಾಡುವವರು ಸರ್ಜನ್, ಕೊನೆಯ ಮಾತೂ ಅವರದ್ದೇ. ಆದರೆ ಅವರ ಟೇಬಲ್ ಮೇಲೆ ಹೋಗುವ ಫೈಲ್‌ನಲ್ಲಿ ಮುಕ್ಕಾಲು ಪಾಲು ನಮ್ಮ ಕೈಬರಹ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಹೊಸದಾಗಿ ಕೆಲಸಕ್ಕೆ ಸೇರಿದವರು ಕೇಳುತ್ತಿರುತ್ತಾರೆ, ಲೇಸಿಕ್ ವರ್ಕಪ್ ಅಂದರೆ ಯಾವ ಯಾವ ಟೆಸ್ಟ್ ಮಾಡಬೇಕು ಅಂತ. ಟೆಸ್ಟ್‌ಗಳ ಪಟ್ಟಿ ಗೋಡೆ ಮೇಲೇ ಅಂಟಿಸಿರುತ್ತಾರೆ, ಅದು ಕಷ್ಟವಲ್ಲ. ಬಂದವರಲ್ಲಿ ಯಾರಿಗೆ ಈ ಆಪರೇಷನ್ ಬೇಡ ಅಂತ ಹುಡುಕುವುದು ನಿಜವಾದ ಕೆಲಸ. ಬೇಡ ಅನ್ನಲು ಒಂದು ಕಾರಣ ಸಿಗುತ್ತಾ ಅಂತ ಹುಡುಕಿ ಹುಡುಕಿ, ಎಲ್ಲೂ ಸಿಗದಿದ್ದಾಗ ಮಾತ್ರ ಫೈಲ್ ಮುಂದಕ್ಕೆ ಹೋಗಬೇಕು.

ಫೋನಿನಲ್ಲೇ ಶುರು

ಅಪಾಯಿಂಟ್‌ಮೆಂಟ್ ಕೊಡುವಾಗಲೇ ನಾಲ್ಕು ಮಾತು ಹೇಳಿಬಿಡಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಾದರೆ ನಿಲ್ಲಿಸಿ ಬರಬೇಕು. ಮೆತ್ತನೆ ಲೆನ್ಸ್ ಆದರೆ ಎರಡು ವಾರ, ಗಟ್ಟಿ ಲೆನ್ಸ್ ಆದರೆ ಕನಿಷ್ಠ ನಾಲ್ಕು ವಾರ. ತುಂಬಾ ವರ್ಷದಿಂದ ಗಟ್ಟಿ ಲೆನ್ಸ್ ಹಾಕುತ್ತಿದ್ದರೆ ಇನ್ನೂ ಜಾಸ್ತಿ. ಲೆನ್ಸ್ ಕಾರ್ನಿಯಾವನ್ನು ಒತ್ತಿ ಅದರ ಆಕಾರ ಕೆಡಿಸಿರುತ್ತದೆ, ಅದು ತನ್ನ ಅಸಲಿ ಆಕಾರಕ್ಕೆ ಬರಲು ಸಮಯ ಬೇಕು. ಎರಡನೆಯದು, ಮನೆಯಲ್ಲಿರುವ ಹಳೇ ಕನ್ನಡಕಗಳನ್ನೆಲ್ಲ ತರಲಿ, ಮುರಿದಿದ್ದರೂ ಪರವಾಗಿಲ್ಲ. ಮೂರನೆಯದು, ಕಾಡಿಗೆ ಹಚ್ಚಿಕೊಂಡು ಬರಬಾರದು. ನಾಲ್ಕನೆಯದು, ಡ್ರಾಪ್ಸ್ ಹಾಕಿ ಪಾಪೆ ದೊಡ್ಡದು ಮಾಡುತ್ತೇವೆ, ಗುಬ್ಬಿಗೋ ಕೊರಟಗೆರೆಗೋ ತಾನೇ ಬೈಕ್ ಓಡಿಸಿಕೊಂಡು ವಾಪಸ್ ಹೋಗಲು ಆಗಲ್ಲ, ಜೊತೆಗೆ ಒಬ್ಬರು ಬರಬೇಕು.

ಲೆನ್ಸ್ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಬ್ಬ ಹುಡುಗನನ್ನು "ಲೆನ್ಸ್ ಹಾಕ್ತೀರಾ?" ಅಂತ ಕೇಳಿದೆ. ಇಲ್ಲ ಅಂದ. ಸುಳ್ಳೇನೂ ಅಲ್ಲ, ಅವತ್ತು ಹಾಕಿರಲಿಲ್ಲ, ಅಷ್ಟೇ. ಹಿಂದಿನ ರಾತ್ರಿ ತೆಗೆದು ಮಲಗಿದ್ದ. ಸ್ಕ್ಯಾನ್ ಏನೋ ಸರಿ ಕಾಣುತ್ತಿಲ್ಲ ಅಂತ ಸರ್ಜನ್ ಎರಡು ವಾರ ಬಿಟ್ಟು ಕರೆಸಿದರು. ಸಿಲಿಂಡರ್ (ಓರೆ ಬಾಗಿನ ನಂಬರ್) ಒಂದೂಕಾಲು ಇದ್ದದ್ದು ಅರ್ಧ ನಂಬರಿಗೆ ಇಳಿದಿತ್ತು. ಹಳೇ ನಂಬರ್ ಹಿಡಿದು ಲೇಸರ್ ಹೊಡೆದಿದ್ದರೆ? ಅವತ್ತಿನಿಂದ ನನ್ನ ಪ್ರಶ್ನೆ ಬದಲಾಗಿದೆ: "ಕೊನೇ ಸಲ ಲೆನ್ಸ್ ಹಾಕಿದ್ದು ಯಾವತ್ತು?"

ಮೊದಲು ಮಾತು, ಆಮೇಲೆ ಮೆಷಿನ್

ವಯಸ್ಸು 18 ತುಂಬಿರಬೇಕು. ಆದರೆ 18 ತುಂಬಿದ ಮಾತ್ರಕ್ಕೆ ಕಣ್ಣು ಬೆಳೆಯುವುದು ನಿಂತಿದೆ ಅಂತಲ್ಲ. ಹಿಂದಿನ ಒಂದು ವರ್ಷದಲ್ಲಿ ನಂಬರ್ 0.5ಕ್ಕಿಂತ ಜಾಸ್ತಿ ಬದಲಾಗಿರಬಾರದು. ಇದನ್ನು ಬಾಯಿಮಾತಲ್ಲಿ ನಂಬಬೇಡಿ. ಮಧುಗಿರಿ ಕಡೆಯ ಒಂದು ಹುಡುಗಿ ಅಮ್ಮನ ಜೊತೆ ಬಂದಿದ್ದಳು. ನಂಬರ್ ಎರಡು ವರ್ಷದಿಂದ ಹಾಗೇ ಇದೆ ಅಂತ ಅಮ್ಮ ಖಡಾಖಂಡಿತವಾಗಿ ಹೇಳಿದರು. ಹುಡುಗಿ ಬ್ಯಾಗಿನಿಂದ ಒಂದು ಸ್ಟೀಲ್ ಡಬ್ಬಿ ತೆಗೆದಳು, ಅದರೊಳಗೆ ಮೂರು ಕನ್ನಡಕ, ಒಂದಕ್ಕೆ ಕಡ್ಡಿ ಇಲ್ಲ, ಇನ್ನೊಂದಕ್ಕೆ ದಾರ ಸುತ್ತಿದೆ. ಮೂರನ್ನೂ ಕನ್ನಡಕದ ನಂಬರ್ ತೋರಿಸುವ ಲೆನ್ಸೋಮೀಟರ್‌ಗೆ ಇಟ್ಟೆ. ಮೈನಸ್ ಮೂರೂವರೆ, ನಾಲ್ಕೂಕಾಲು, ಐದು. ಕೊನೆಯದು ಮಾಡಿಸಿ ಎಂಟು ತಿಂಗಳು. ನಾನು ಟೆಸ್ಟ್ ಮಾಡಿದಾಗ ಐದೂವರೆ ದಾಟಿತ್ತು. ಅಮ್ಮನಿಗೆ ಬೇಜಾರು, ಗಂಡಿನ ಕಡೆಯವರು ನೋಡಲು ಬರುತ್ತಿದ್ದಾರಂತೆ. ಕಣ್ಣು ಇನ್ನೂ ಬೆಳೆಯುತ್ತಿದೆ, ಈಗ ಮಾಡಿಸಿದರೆ ಎರಡೇ ವರ್ಷದಲ್ಲಿ ಮತ್ತೆ ಕನ್ನಡಕ ಬರುತ್ತೆ ಅಂತ ಹೇಳಿದೆ. ಒಪ್ಪಿದರೋ ಇಲ್ಲವೋ ಗೊತ್ತಿಲ್ಲ, ಡಬ್ಬಿ ಮುಚ್ಚಿಕೊಂಡು ಹೋದರು.

ಆಮೇಲೆ ಉಜ್ಜುವ ವಿಷಯ. ಇದಕ್ಕೆ ಸಮಯ ಕೊಡಿ. "ಕಣ್ಣು ಉಜ್ಜುತ್ತೀರಾ?" ಅಂದರೆ ಎಲ್ಲರೂ ಇಲ್ಲ ಅನ್ನುತ್ತಾರೆ. "ಕಣ್ಣು ಕಡಿದಾಗ ಹೇಗೆ ಉಜ್ಜಿಕೊಳ್ಳುತ್ತೀರಿ, ಸ್ವಲ್ಪ ತೋರಿಸಿ" ಅನ್ನಿ. ಕೈ ತಾನಾಗಿ ಮೇಲೆ ಹೋಗುತ್ತದೆ. ಬೆರಳ ತುದಿಯಲ್ಲಿ ಮೂಲೆ ಒರೆಸಿಕೊಂಡರೆ ಅಷ್ಟು ಚಿಂತೆಯಿಲ್ಲ. ಮುಷ್ಟಿ ಮಾಡಿ ಬೆರಳ ಗಿಣ್ಣನ್ನು ಕಣ್ಣುಗುಡ್ಡೆಗೆ ಒತ್ತಿ ಗರಗರ ತಿರುಗಿಸಿದರೆ ಫೈಲ್ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ. ಜೊತೆಗೆ ಬಂದವರನ್ನೂ ಕೇಳಿ, ಅಮ್ಮಂದಿರು ನಿಜ ಹೇಳುತ್ತಾರೆ: "ಅಯ್ಯೋ ಇವ್ನು ಚಿಕ್ಕವನಿದ್ದಾಗಿಂದ ಹಂಗೇ ಸಾರ್, ಕೈ ಕಟ್ಟಾಕ್ಬೇಕಿತ್ತು." ನಮ್ಮದು ಒಣ ಹವೆಯ ಸೀಮೆ. ಪಾವಗಡ, ಶಿರಾ ಕಡೆಯ ಧೂಳು, ಚಿಕ್ಕಬಳ್ಳಾಪುರದ ಜಲ್ಲಿ ಕ್ರಷರ್ ಪುಡಿ, ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆ ಮನೆಗಳ ಹೊಗೆ ಮತ್ತು ಹಬೆ, ಎಲ್ಲವೂ ಕಣ್ಣು ಕೆರಳಿಸುವಂಥವೇ. ವರ್ಷಗಟ್ಟಲೆ ಉಜ್ಜಿದ ಕಾರ್ನಿಯಾ ತೆಳ್ಳಗಾಗಿ ಶಂಕುವಿನ ಹಾಗೆ ಮುಂದಕ್ಕೆ ಉಬ್ಬಬಹುದು. ಅದೇ ಕೆರಟೋಕೋನಸ್. ಅಂಥ ಕಣ್ಣಿಗೆ ಲೇಸಿಕ್ ಮಾಡಿದರೆ, ಮೊದಲೇ ಬಿರುಕು ಬಿಟ್ಟ ಗೋಡೆಯಿಂದ ಇಟ್ಟಿಗೆ ಕಿತ್ತ ಹಾಗೆ.

ಮನೆಯವರ ವಿಷಯ ಕೇಳುವಾಗ ಕೆರಟೋಕೋನಸ್ ಅನ್ನುವ ಹೆಸರು ಯಾರಿಗೂ ಗೊತ್ತಿರಲ್ಲ. "ಅಣ್ಣ ತಮ್ಮ ಯಾರಿಗಾದರೂ ಕನ್ನಡಕ ಹಾಕಿದರೂ ಸರಿಯಾಗಿ ಕಾಣಲ್ಲ ಅಂತ ಗಟ್ಟಿ ಲೆನ್ಸ್ ಕೊಟ್ಟಿದ್ದಾರಾ? ದಾನ ಬಂದ ಕಾರ್ನಿಯಾ ಹಾಕಿಸಿಕೊಂಡಿದ್ದಾರಾ?" ಅಂತ ಕೇಳಿ. ಅಪ್ಪ ಅಮ್ಮ ಸಂಬಂಧದಲ್ಲೇ ಮದುವೆಯಾದವರಾ ಅಂತಲೂ ಕೇಳುತ್ತೇನೆ. ಸೋದರಮಾವನ ಮದುವೆ ನಮ್ಮ ಕಡೆ ಮಾಮೂಲಿ, ಅಲ್ವಾ.

ಮೈ ಆರೋಗ್ಯದ ಪ್ರಶ್ನೆಗಳು: ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯಾ, ಸಂಧಿವಾತ ಅಥವಾ ಲೂಪಸ್ ಥರದ್ದು ಇದೆಯಾ, ಹಿಂದೆ ಕಣ್ಣಿಗೆ ಹರ್ಪಿಸ್ ಹುಣ್ಣಾಗಿತ್ತಾ. ಗರ್ಭಿಣಿಯರಿಗೆ, ಹಾಲುಣಿಸುವವರಿಗೆ ಈಗ ಬೇಡ, ಹಾರ್ಮೋನಿನಿಂದ ನಂಬರೂ ಕಣ್ಣೀರೂ ಏರುಪೇರಾಗಿರುತ್ತವೆ. ಇನ್ನೊಂದು ಪ್ರಶ್ನೆ ತುಂಬಾ ಜನ ಬಿಟ್ಟುಬಿಡುತ್ತಾರೆ: ಮೊಡವೆಗೆ ಮಾತ್ರೆ ತಗೊಳ್ಳುತ್ತಿದ್ದೀರಾ? ಐಸೋಟ್ರೆಟಿನೋಯಿನ್ ಕಣ್ಣನ್ನು ಒಣಗಿಸುತ್ತದೆ, ಗಾಯ ಮಾಯುವುದನ್ನೂ ಕೆಡಿಸಬಹುದು. ಯಾವ ಮಾತ್ರೆ ತಗೊಳ್ಳುತ್ತೀರಿ ಅಂದರೆ ಏನೂ ಇಲ್ಲ ಅನ್ನುತ್ತಾರೆ, ಯಾಕೆಂದರೆ ಮೊಡವೆ ಅವರ ಲೆಕ್ಕದಲ್ಲಿ ಕಾಯಿಲೆಯೇ ಅಲ್ಲ.

ಯಾಕೆ ಮಾಡಿಸುತ್ತಿದ್ದೀರಿ ಅಂತಲೂ ಕೇಳಿ. ಪೊಲೀಸ್, ಸೇನೆ, ರೈಲ್ವೆ ಅಂದರೆ ಆ ಹುದ್ದೆಯ ನೋಟಿಫಿಕೇಶನ್ ಓದಿಕೊಂಡು ಬನ್ನಿ ಅನ್ನಿ. ಕೆಲವಕ್ಕೆ ಲೇಸಿಕ್ ಆದವರು ಆಗುವುದೇ ಇಲ್ಲ, ಕೆಲವಕ್ಕೆ ಆಪರೇಷನ್ ಆಗಿ ಇಷ್ಟು ತಿಂಗಳಾಗಿರಬೇಕು ಅಂತ ಇರುತ್ತದೆ. ಕಬಡ್ಡಿ ಆಡುವ ಹುಡುಗರಾದರೆ ಅದನ್ನೂ ಬರೆಯಿರಿ. ಲೇಸಿಕ್‌ನಲ್ಲಿ ಕಾರ್ನಿಯಾದ ಮೇಲ್ಪದರವನ್ನು ಮುಚ್ಚಳದ ಹಾಗೆ ಎತ್ತುತ್ತಾರೆ. ಆ ಫ್ಲ್ಯಾಪ್ ಪೆಟ್ಟು ಬಿದ್ದರೆ ಜಾರಬಹುದು, ವರ್ಷಗಳ ಮೇಲೂ. ಅಂಥವರಿಗೆ ಫ್ಲ್ಯಾಪ್ ಇಲ್ಲದ ಲೇಸರ್ ಆಪರೇಷನ್‌ಗಳಾದ ಪಿಆರ್‌ಕೆ ಅಥವಾ ಸ್ಮೈಲ್ ವಾಸಿ.

ಕಣ್ಣಿಗೆ ಏನೂ ತಾಗುವ ಮುಂಚೆ ಸ್ಕ್ಯಾನ್

ಟೆಸ್ಟ್‌ಗಳ ಕ್ರಮ ಮುಖ್ಯ. ಕಾರ್ನಿಯಾದ ಆಕಾರದ ನಕ್ಷೆ ತೆಗೆಯುವ ಟೋಪೋಗ್ರಫಿ ಅಥವಾ ಪೆಂಟಾಕ್ಯಾಮ್ ಸ್ಕ್ಯಾನ್ ಮೊದಲು. ಡ್ರಾಪ್ಸ್ ಹಾಕಿದ ಮೇಲೆ, ಪ್ರೆಶರ್ ನೋಡಲು ಕಾರ್ನಿಯಾ ಮುಟ್ಟಿದ ಮೇಲೆ ತೆಗೆದ ಸ್ಕ್ಯಾನ್ ನಂಬಲು ಬರಲ್ಲ. ಪೇಶೆಂಟ್‌ಗೆ ಒಂದೆರಡು ಸಲ ಚೆನ್ನಾಗಿ ಕಣ್ಣು ಮಿಟುಕಿಸಲು ಹೇಳಿ, ಆಮೇಲೆ ಅಗಲಕ್ಕೆ ತೆಗೆಸಿ. ಒಂದೊಂದು ಕಣ್ಣಿಗೆ ಎರಡು ಮೂರು ಸಲ ತೆಗೆಯಿರಿ, ಎಲ್ಲವೂ ಒಂದೇ ಥರ ಬಂದರೆ ಸರಿ. ಬರದಿದ್ದರೆ ಕಣ್ಣು ಒಣಗಿದೆ, ಇಲ್ಲ ಕಣ್ಣು ಅಲ್ಲಾಡಿದೆ.

ಬಣ್ಣ ನೋಡಿ ಮೋಸ ಹೋಗಬೇಡಿ. ಹಸಿರು ಇದ್ದರೆ ಸರಿ, ಕೆಂಪು ಇದ್ದರೆ ರೋಗ ಅಂತ ಹೇಳಿಕೊಟ್ಟಿರುತ್ತಾರೆ, ಆದರೆ ಬಣ್ಣದ ಸ್ಕೇಲ್ ಬದಲಾಯಿಸಿದರೆ ಅದೇ ಕಣ್ಣು ಕೆಂಪಿಂದ ಹಸಿರಾಗುತ್ತದೆ. ಅಂಕಿ ನೋಡಿ. ಕಾರ್ನಿಯಾದ ಬಾಗು 47 ಡಯಾಪ್ಟರ್ (ಬಾಗನ್ನೂ ನಂಬರನ್ನೂ ಅಳೆಯುವ ಮಾನ) ದಾಟಿದೆಯಾ? ಮೇಲಿನ ಅರ್ಧಕ್ಕಿಂತ ಕೆಳಗಿನ ಅರ್ಧ 1.4 ಡಯಾಪ್ಟರ್‌ಗಿಂತ ಜಾಸ್ತಿ ಕಡಿದಾಗಿದೆಯಾ? ಅತಿ ತೆಳುವಾದ ಜಾಗ ನಡುವಲ್ಲಿ ಇರದೆ ಕೆಳಗೆ, ಹೊರಮಗ್ಗುಲಿಗೆ ಸರಿದಿದೆಯಾ? ಕಾರ್ನಿಯಾದ ಹಿಂಬದಿ ಉಬ್ಬಿದೆಯಾ? ಕೆರಟೋಕೋನಸ್ ಎಷ್ಟೋ ಸಲ ಮೊದಲು ಹಿಂಬದಿಯಲ್ಲೇ ಕಾಣಿಸಿಕೊಳ್ಳುತ್ತದೆ. ಎರಡೂ ಕಣ್ಣನ್ನು ಪಕ್ಕಪಕ್ಕ ಇಟ್ಟು ನೋಡಿ. ಒಳ್ಳೆಯ ಕಣ್ಣುಗಳು ಕನ್ನಡಿಯಲ್ಲಿ ನೋಡಿದ ಹಾಗೆ ಒಂದಕ್ಕೊಂದು ಹೊಂದುತ್ತವೆ. ಒಂದು ಕಣ್ಣಿನಲ್ಲಿ ಅನುಮಾನ ಬಂದರೆ ಇನ್ನೊಂದು ಎಷ್ಟೇ ಚೆನ್ನಾಗಿದ್ದರೂ ಅದೂ ಅನುಮಾನದ ಕಣ್ಣೇ.

ನಿಮ್ಮ ಕ್ಲಿನಿಕ್‌ನಲ್ಲಿ ಈ ಮೆಷಿನ್ ಇಲ್ಲವಾ? ತಾಲ್ಲೂಕು ಮಟ್ಟದಲ್ಲಿ ಇರುವುದೂ ಕಷ್ಟ. ರೆಟಿನೋಸ್ಕೋಪ್ ಅಂತೂ ಇರುತ್ತದೆ. ಲೈಟ್ ಆರಿಸಿ, ಪಾಪೆಯೊಳಗಿನ ಹೊಳಪನ್ನು ನೋಡುತ್ತಾ ಬೆಳಕಿನ ಗೆರೆಯನ್ನು ನಿಧಾನಕ್ಕೆ ಆಡಿಸಿ. ಸಾಧಾರಣ ಕಣ್ಣಿನಲ್ಲಿ ಹೊಳಪು ಒಂದೇ ಪಟ್ಟಿಯಾಗಿ ಓಡುತ್ತದೆ. ಕೆರಟೋಕೋನಸ್‌ನಲ್ಲಿ ಅದು ಎರಡಾಗಿ ಸೀಳಿ, ಕತ್ತರಿಯ ಎರಡು ಅಲಗಿನ ಹಾಗೆ ತೆರೆದು ಮುಚ್ಚುತ್ತದೆ. ಒಮ್ಮೆ ನೋಡಿದರೆ ಮರೆಯಲ್ಲ. ಆದರೆ ಒಂದು ಎಚ್ಚರಿಕೆ: ರೆಟಿನೋಸ್ಕೋಪ್‌ನಲ್ಲಿ ಅನುಮಾನ ಪಡಬಹುದು, ಸರಿ ಇದೆ ಅಂತ ಸರ್ಟಿಫಿಕೇಟ್ ಕೊಡಲು ಆಗಲ್ಲ. ಶುರುವಿನ ಹಂತದ ರೋಗ ಅದಕ್ಕೆ ಸಿಗಲ್ಲ. ಸ್ಕ್ಯಾನ್ ಇಲ್ಲದೆ ಯಾರನ್ನೂ ಲೇಸರ್‌ಗೆ ಕಳಿಸಬೇಡಿ. ಕೈಯಲ್ಲಿ ಕಾಸು ಕಮ್ಮಿ ಇರುವವರಿಗೆ ಬೆಂಗಳೂರಿನ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆಗೆ ಚೀಟಿ ಬರೆದುಕೊಡಿ.

ಕಣ್ಣೀರಿನ ಲೆಕ್ಕ

ಲೇಸಿಕ್ ಕಾರ್ನಿಯಾದ ನರಗಳನ್ನು ಕತ್ತರಿಸುತ್ತದೆ, ಹಾಗಾಗಿ ಆಮೇಲೆ ಕೆಲವು ತಿಂಗಳು ಕಣ್ಣು ಒಣಗುವುದು ಮಾಮೂಲಿ. ಮೊದಲೇ ಒಣಗಿದ ಕಣ್ಣಾದರೆ ಪೇಶೆಂಟ್ ನಿಮ್ಮನ್ನು ಬೈದುಕೊಂಡೇ ಓಡಾಡುತ್ತಾರೆ. ಮೊದಲು ಫ್ಲೋರೆಸೀನ್ ಬಣ್ಣ ಹಚ್ಚಿ ಕಣ್ಣೀರಿನ ಪದರ ಒಡೆಯುವ ಹೊತ್ತು ಎಣಿಸಿ. ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪಿನ ನೀಲಿ ಬೆಳಕಿನಲ್ಲಿ ಹಸಿರು ಪದರದ ನಡುವೆ ಕಪ್ಪು ಚುಕ್ಕೆ ಕಾಣಿಸುವವರೆಗೆ ಎಷ್ಟು ಸೆಕೆಂಡ್? ಹತ್ತಕ್ಕಿಂತ ಕಮ್ಮಿ ಆದರೆ ಗಮನ ಕೊಡಿ. ಆಮೇಲೆ ಕಣ್ಣೀರು ಹೀರುವ ಕಾಗದದ ಶಿರ್ಮರ್ ಪಟ್ಟಿ, ಐದು ನಿಮಿಷ. ಮರಗಟ್ಟಿಸುವ ಡ್ರಾಪ್ಸ್ ಹಾಕದೆ 10 ಮಿಲಿಮೀಟರ್ ದಾಟಿ ಒದ್ದೆಯಾದರೆ ಒಳ್ಳೆಯದು, 5ಕ್ಕಿಂತ ಕೆಳಗಾದರೆ ಆಪರೇಷನ್ ಮಾತು ಬಿಟ್ಟು ಮೊದಲು ಒಣಕಣ್ಣಿಗೆ ಚಿಕಿತ್ಸೆ.

ರೆಪ್ಪೆಯ ಅಂಚನ್ನೂ ಒತ್ತಿ ನೋಡಿ. ಎಣ್ಣೆ ಗ್ರಂಥಿಗಳಿಂದ ತಿಳಿಯಾದ ಎಣ್ಣೆ ಬರಬೇಕು. ಟೂತ್‌ಪೇಸ್ಟ್ ಹಾಗೆ ಗಟ್ಟಿ ಬಂದರೆ ಬಿಸಿ ಬಟ್ಟೆ ಶಾಖ, ರೆಪ್ಪೆ ತೊಳೆಯುವುದು, ಕೆಲವು ವಾರ ಬಿಟ್ಟು ಮತ್ತೆ ನೋಡುವುದು. ದಿನಾ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಎಸಿ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು ರಾತ್ರಿ ವಾಪಸ್ ಬರುವ ಹುಡುಗ ಹುಡುಗಿಯರಲ್ಲಿ ಇದನ್ನು ನಾನು ತುಂಬಾ ನೋಡುತ್ತೇನೆ.

ನಂಬರ್ ತೆಗೆಯುವಾಗ

ಕನ್ನಡಕದಂಗಡಿಯಲ್ಲಿ ಕಾಲು ನಂಬರ್ ಹೆಚ್ಚುಕಮ್ಮಿ ಆದರೆ ಗಾಜು ಬದಲಾಯಿಸಬಹುದು. ಇಲ್ಲಿ ಆಗಲ್ಲ. ಚಿಕ್ಕ ವಯಸ್ಸಿನವರಿಗೆ ಮೈನಸ್ ಜಾಸ್ತಿ ಕೊಟ್ಟರೂ ಖುಷಿಯಾಗಿ ಓದುತ್ತಾರೆ, ಕಣ್ಣು ಒಳಗೇ ಹೊಂದಿಸಿಕೊಂಡುಬಿಡುತ್ತದೆ. ಮೊದಲು ಪ್ಲಸ್ ಗಾಜಿನಿಂದ ನೋಟ ಮಂಜು ಮಾಡಿ, ನಿಧಾನವಾಗಿ ಇಳಿಯುತ್ತಾ ಬಂದು, 6/6 ಸಾಲು ಓದಿಸುವ ಅತಿ ಕಮ್ಮಿ ಮೈನಸ್‌ಗೆ ನಿಲ್ಲಿಸಿ. ಕಣ್ಣು ಹೀಗೆ ಹೊಂದಿಸಿಕೊಳ್ಳುವುದನ್ನು ತಡೆಯುವ ಸೈಕ್ಲೋಪೆಂಟೋಲೇಟ್ ಡ್ರಾಪ್ಸ್ ಹಾಕಿ ಮತ್ತೊಮ್ಮೆ ನೋಡಿ. ಎರಡಕ್ಕೂ 0.5ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಇನ್ನೊಂದು ದಿನ ಕರೆಸಿ. ಪ್ಲಸ್ ನಂಬರಿನವರಲ್ಲಂತೂ ಇದು ಬೇಕೇ ಬೇಕು.

ಎಷ್ಟೇ ಗಾಜು ಹಾಕಿದರೂ 6/6 ಬರುತ್ತಿಲ್ಲವಾ? ಕಾರಣ ಸಿಗುವವರೆಗೆ ಮುಂದೆ ಹೋಗಬೇಡಿ. ಅದು ಚಿಕ್ಕಂದಿನಿಂದ ಬಂದ ಸೋಮಾರಿ ಕಣ್ಣಿರಬಹುದು, ಕೆರಟೋಕೋನಸ್ ಇರಬಹುದು. ಕನ್ನಡಕದಲ್ಲಿ ಕಾಣದ್ದನ್ನು ಲೇಸಿಕ್ ಕಾಣಿಸಲ್ಲ ಅಂತ ಪೇಶೆಂಟ್‌ಗೆ ಅವತ್ತೇ ಹೇಳಿ.

ನಲವತ್ತು ದಾಟಿದವರ ಕಥೆ ಬೇರೆ. ಮೈನಸ್ ಮೂರು ಇರುವ ಮೇಷ್ಟ್ರು ಕನ್ನಡಕ ತೆಗೆದಿಟ್ಟು ಪೇಪರ್ ಓದುತ್ತಿರುತ್ತಾರೆ. ಲೇಸಿಕ್ ಆದರೆ ದೂರ ಚೆನ್ನಾಗಿ ಕಾಣುತ್ತದೆ, ಪೇಪರ್ ಓದಲು ಕನ್ನಡಕ ಬೇಕಾಗುತ್ತದೆ. ಬಾಯಲ್ಲಿ ಹೇಳಿದರೆ ತಲೆಯಾಡಿಸುತ್ತಾರೆ, ಅರ್ಥವಾಗಿರಲ್ಲ. ದೂರದ ನಂಬರ್ ಪೂರ್ತಿ ಹಾಕಿ ಕೈಗೆ ಮದುವೆ ಕಾರ್ಡ್ ಕೊಡಿ. ಆಗ ಗೊತ್ತಾಗುತ್ತದೆ.

ಡ್ರಾಪ್ಸ್ ಹಾಕುವ ಮುಂಚೆಯೇ ಕತ್ತಲೆ ಕೋಣೆಯಲ್ಲಿ ಪಾಪೆಯ ಅಳತೆ ತೆಗೆದುಕೊಳ್ಳಿ. ರಾತ್ರಿ ಲಾರಿ, ಬಸ್ ಓಡಿಸುವವರ ಪಾಪೆ ಏಳು ಮಿಲಿಮೀಟರ್ ದಾಟುವಂತಿದ್ದರೆ ಎದುರು ಗಾಡಿಯ ಲೈಟ್ ಸುತ್ತ ಬಳೆ ಕಾಣುವ ಸಾಧ್ಯತೆ ಬಗ್ಗೆ ಮೊದಲೇ ಮಾತಾಡಿ. ಕಣ್ಣಿನ ಪ್ರೆಶರ್ ಬರೆದಿಡಿ. ಲೇಸರ್ ಆದ ಮೇಲೆ ಕಾರ್ನಿಯಾ ತೆಳುವಾಗಿ ಪ್ರೆಶರ್ ಇರುವುದಕ್ಕಿಂತ ಕಮ್ಮಿ ತೋರಿಸುತ್ತದೆ, ಮುಂದೆ ಪ್ರೆಶರ್ ಏರಿ ಕಣ್ಣಿನ ನರ ಕೆಡಿಸುವ ಗ್ಲಾಕೋಮಾ ಬಂದರೆ ಮರೆಯಾಗಿ ಕೂರಬಹುದು. ಕೊನೆಗೆ ಪಾಪೆ ದೊಡ್ಡದು ಮಾಡಿ ರೆಟಿನಾವನ್ನು (ಕಣ್ಣಿನ ಹಿಂಪರದೆ) ಅಂಚಿನವರೆಗೂ ಡಾಕ್ಟರ್ ನೋಡಬೇಕು. ದೊಡ್ಡ ಮೈನಸ್ ಇದ್ದವರ ಕಣ್ಣು ಉದ್ದ, ರೆಟಿನಾ ಎಳೆದು ತೆಳುವಾಗಿರುತ್ತದೆ. ಅಂಚಿನಲ್ಲಿ ತೂತು ಸಿಕ್ಕರೆ ಮೊದಲು ಅದಕ್ಕೆ ಲೇಸರ್, ಆಮೇಲೆ ಕನ್ನಡಕದ ಮಾತು. ಲೇಸಿಕ್ ಮಾಡಿಸಿ ಕನ್ನಡಕ ಹೋದರೂ ಕಣ್ಣಿನ ಉದ್ದ ಹಾಗೇ ಇರುತ್ತದೆ, ಹಾಗಾಗಿ ವರ್ಷಕ್ಕೊಮ್ಮೆ ರೆಟಿನಾ ತೋರಿಸಬೇಕು ಅಂತಲೂ ಹೇಳಿ.

ಮೈಕ್ರಾನ್ ಲೆಕ್ಕ

ಇಲ್ಲಿ ಕ್ಯಾಲ್ಕುಲೇಟರ್ ತೆಗೆಯಿರಿ. ಕಾರ್ನಿಯಾದ ನಡು ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಅಂದರೆ 500ರಿಂದ 550 ಮೈಕ್ರಾನ್ ಆಸುಪಾಸು. ಲೇಸಿಕ್‌ನಲ್ಲಿ ಬಳಸುವ ಎಕ್ಸೈಮರ್ ಲೇಸರ್‌ಗೆ ಮೈಕ್ರಾನ್ ಲೆಕ್ಕದಲ್ಲಿ, ಸುತ್ತಲಿನದ್ದು ಸುಡದ ಹಾಗೆ, ಅಂಗಾಂಶ ಕೆತ್ತಲು ಬರುತ್ತದೆ ಅಂತ ಕಂಡುಕೊಂಡವರಲ್ಲಿ ಒಬ್ಬರು ಭಾರತದಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್. 1981ರಲ್ಲಿ ಅಮೆರಿಕದ ಐಬಿಎಂ ಲ್ಯಾಬ್‌ಗೆ ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ತುಂಡನ್ನು ತಂದು ಅದರ ಮೇಲೆ ಲೇಸರ್ ಹೊಡೆದು ನೋಡಿದ್ದರು. ಪೇಶೆಂಟ್‌ಗಳಿಗೆ ಈ ಕಥೆ ಹೇಳಿದರೆ ಹೆದರಿಕೆ ಸ್ವಲ್ಪ ಇಳಿಯುತ್ತದೆ, ಸಸ್ಯಾಹಾರಿಗಳಿಗೆ ಹೇಳುವುದಿಲ್ಲ ಬಿಡಿ.

ಲೆಕ್ಕ ಹೀಗೆ. ಫ್ಲ್ಯಾಪ್‌ಗೆ 110 ಮೈಕ್ರಾನ್. ಒಂದು ನಂಬರ್ ಇಳಿಸಲು, 6 ಮಿಲಿಮೀಟರ್ ಅಗಲಕ್ಕೆ, ಸೂತ್ರದ ಪ್ರಕಾರ 12 ಮೈಕ್ರಾನ್. ಮೆಷಿನ್‌ಗಳು ತೆಗೆಯುವುದು ಇನ್ನೂ ಜಾಸ್ತಿ, ನಾನು ಕೈಲೆಕ್ಕಕ್ಕೆ 15 ಹಿಡಿಯುತ್ತೇನೆ. ಕಾರ್ನಿಯಾ 540, ನಂಬರ್ ಮೈನಸ್ 4 ಅನ್ನಿ. 60 ಲೇಸರ್‌ಗೆ, 110 ಫ್ಲ್ಯಾಪ್‌ಗೆ, ಉಳಿಯುವುದು 370. ನೆಮ್ಮದಿ. ಈಗ 492 ದಪ್ಪದ ಕಣ್ಣು, ಮೈನಸ್ 7. 105 ಮತ್ತು 110 ಸೇರಿ 215 ಹೋಗುತ್ತದೆ, ಉಳಿಯುವುದು 277. ಕನಿಷ್ಠ 250 ಉಳಿಯಬೇಕು ಅನ್ನುವ ಹಳೇ ನಿಯಮದ ಪ್ರಕಾರ ಪಾಸ್! ಆದರೆ 492ರಲ್ಲಿ 215 ಅಂದರೆ ಸುಮಾರು ನೂರಕ್ಕೆ 44. ಕಾರ್ನಿಯಾದ ನೂರಕ್ಕೆ 40 ಪಾಲು ಮುಟ್ಟಿದರೆ ಮುಂದೆ ಉಬ್ಬುವ ಅಪಾಯ ಏರುತ್ತದೆ. ಹಾಗಾಗಿ ಈ ಕಣ್ಣಿಗೆ ಲೇಸಿಕ್ ಬೇಡ. ಒಂದೇ ಅಂಕಿ ನೋಡಿ ತೀರ್ಮಾನ ಮಾಡುವವರು ಎಡವುವುದು ಇಲ್ಲೇ. ಉಳಿಯುವುದು 300 ಮೇಲಿರಲಿ ಅನ್ನುವ ಸರ್ಜನ್‌ಗಳೂ ಇದ್ದಾರೆ, ನನಗೆ ಅವರೇ ಇಷ್ಟ.

ಬಾಗಿನ ಲೆಕ್ಕವೂ ಇದೆ. ಒಂದು ಮೈನಸ್ ಇಳಿಸಿದರೆ ಕಾರ್ನಿಯಾ ಸುಮಾರು 0.8 ಡಯಾಪ್ಟರ್ ಚಪ್ಪಟೆಯಾಗುತ್ತದೆ. 41 ಇರುವ ಕಣ್ಣಿನಿಂದ ಮೈನಸ್ 8 ತೆಗೆದರೆ 34.6ಕ್ಕೆ ಇಳಿಯುತ್ತದೆ, ಅಷ್ಟು ಚಪ್ಪಟೆಯಾದರೆ ನೋಟದ ಗುಣಮಟ್ಟ ಕೆಡುತ್ತದೆ. ಇಂಥವರಿಗೆ ಕಣ್ಣೊಳಗೆ ಕೂರಿಸುವ ಐಸಿಎಲ್ ಲೆನ್ಸ್ ದಾರಿ ಇದೆ. ಅದಕ್ಕೆ ಕಾರ್ನಿಯಾ ಹಿಂದಿನ ಜಾಗ ಕನಿಷ್ಠ 2.8 ಮಿಲಿಮೀಟರ್ ಆಳ ಇರಬೇಕು, ಒಳಪದರದ ಜೀವಕೋಶಗಳನ್ನು ಎಣಿಸಬೇಕು. ದುಡ್ಡೂ ಜಾಸ್ತಿ.

ಹೇಳುವ ಹೊತ್ತು

ಬೇಡ ಅನ್ನಬೇಕಾದಾಗ ಕಾರಿಡಾರ್‌ನಲ್ಲಿ ನಿಂತು ಹೇಳಬೇಡಿ. ಕೂರಿಸಿ, ಸ್ಕ್ಯಾನ್ ತೋರಿಸಿ ಹೇಳಿ. ಶಿಡ್ಲಘಟ್ಟದ ಒಬ್ಬ ಹುಡುಗನಿಗೆ ಹೀಗೆ ಹೇಳಿದಾಗ ಅವನ ಮೊದಲ ಮಾತು, "ಹಂಗಾದ್ರೆ ಬೇರೆ ಕಡೆ ಮಾಡ್ತಾರಾ ಸಾರ್?" ಮಾಡಲೂಬಹುದು ಅಂದೆ. ಆಮೇಲೆ ಅವನ ಎರಡು ಸ್ಕ್ಯಾನ್ ಪಕ್ಕಪಕ್ಕ ಇಟ್ಟು, ಎಡಗಣ್ಣಿನ ಕೆಳಗೆ ಉಬ್ಬಿರುವ ಜಾಗ ತೋರಿಸಿ, ಅವನ ಕೈಯನ್ನೇ ಹಿಡಿದು ಆ ಗಿಣ್ಣು ಅಲ್ಲಿಗೇ ಒತ್ತುತ್ತದೆ ಅಂತ ತೋರಿಸಿದೆ. ಸುಮ್ಮನಾದ. ಅಲರ್ಜಿಗೆ ಡ್ರಾಪ್ಸ್, ಉಜ್ಜುವುದು ಬಂದ್, ಆರು ತಿಂಗಳಿಗೆ ಮತ್ತೆ ಸ್ಕ್ಯಾನ್, ಏರುತ್ತಿದ್ದರೆ ಕಾರ್ನಿಯಾ ಗಟ್ಟಿ ಮಾಡುವ ಕ್ರಾಸ್‌ಲಿಂಕಿಂಗ್. ಅವನ ತಂಗಿಯನ್ನೂ ಕರೆದುಕೊಂಡು ಬರಲು ಹೇಳಿ ಕಳಿಸಿದೆವು.

ಸರಿ ಅಂತ ತೀರ್ಮಾನವಾದವರಿಗೆ ಒಂದು ಕೆಲಸ ಮರೆಯದೆ ಮಾಡಿ. ಆಪರೇಷನ್‌ಗೆ ಮುಂಚಿನ ನಂಬರ್, ಕಾರ್ನಿಯಾದ ಬಾಗು, ದಪ್ಪ, ಪ್ರೆಶರ್ ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆದು ಕೈಗೆ ಕೊಡಿ. ಇವರಿಗೆ ಅರವತ್ತರಲ್ಲಿ ಪೊರೆ ಬಂದಾಗ ಒಳಗೆ ಹಾಕುವ ಲೆನ್ಸಿನ ಲೆಕ್ಕ ಲೇಸಿಕ್ ಆದ ಕಣ್ಣಿನಲ್ಲಿ ತಪ್ಪುತ್ತದೆ, ಆಗ ಈ ಹಾಳೆ ಬೇಕು. ಅಷ್ಟು ಹೊತ್ತಿಗೆ ನಮ್ಮ ಕ್ಲಿನಿಕ್ ಇರುತ್ತದೋ ಇಲ್ಲವೋ. ಲ್ಯಾಮಿನೇಟ್ ಮಾಡಿಸಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಇಟ್ಟಿರುವ ಫೈಲ್‌ನಲ್ಲೇ ಇಡಿ ಅನ್ನುತ್ತೇನೆ, ಯಾಕೆಂದರೆ ಅದನ್ನಂತೂ ಯಾರೂ ಕಳೆದುಕೊಳ್ಳಲ್ಲ.